ಯಂತ್ರಕ್ಕಿಂತ ಹೇಟೆಯೇ ವಾಸಿ

ಹತ್ತು ಹನ್ನೆರಡು ಮೊಟ್ಟೆ ಮರಿ ಮಾಡಿಸಲು ಇನ್‌ಕ್ಯುಬೇಟರ್ ಕೊಳ್ಳುವವರು ಮೊದಲು ಹಿತ್ತಿಲಲ್ಲಿ ಕಾವಿಗೆ ಕೂರುವ ನಾಟಿ ಹೇಟೆ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು. ಕೋಳಿಮೊಟ್ಟೆ ಮರಿಯಾಗಲು ಸುಮಾರು 21 ದಿನ ಬೇಕು. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು. ತುಸು ತಣ್ಣಗಾದರೆ ಭ್ರೂಣ ಸ್ವಲ್ಪ ಹೊತ್ತು ತಾಳಿಕೊಂಡೀತು, ಶಾಖ ಏರಿದರೆ ತಾಳದು. ಮೊಟ್ಟೆ ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ, ಆದ್ದರಿಂದ 18ನೇ ದಿನದವರೆಗೆ ದಿನಕ್ಕೆ ಮೂರು ಸಲವಾದರೂ ಹೊರಳಿಸಬೇಕು. ತೇವದ ಲೆಕ್ಕ ಇನ್ನೂ ನಾಜೂಕು: ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ನೀರು ಆರಿ ಮೊಟ್ಟೆಯ ತೂಕ ಸುಮಾರು ಶೇ 12ರಷ್ಟು ಇಳಿದರೆ ತಾನೇ ಮೊಂಡು ತುದಿಯ ಗಾಳಿಗೂಡು ಹಿಗ್ಗಿ ಮರಿಗೆ ಮೊದಲ ಉಸಿರು ಸಿಗುವುದು? ಆದರೆ ಕೊನೆಯ ಮೂರು ದಿನ ತೇವ ಹೆಚ್ಚಿರದಿದ್ದರೆ ಪೊರೆ ಒಣಗಿ ಮರಿ ಚಿಪ್ಪಿನೊಳಗೇ ಸಿಕ್ಕಿಕೊಳ್ಳುತ್ತದೆ. ಇದನ್ನೆಲ್ಲ ಹೇಟೆ ಎದೆಯ ಬರಿಚರ್ಮ ತಾಗಿಸಿ, ಕೊಕ್ಕಿನಿಂದ ಹೊರಳಿಸಿ, ಕರೆಂಟಿನ ಹಂಗಿಲ್ಲದೆ ಮಾಡುತ್ತದೆ. ಹುಟ್ಟಿದ ಮರಿಗಳಿಗೆ ಬಲ್ಬಿನ ಶಾಖವೂ ಬೇಡ.

ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದು ನಿಲ್ಲಿಸುತ್ತದಲ್ಲ ಎಂಬ ಆಕ್ಷೇಪ ನಿಜ. ಮರಿ ಸಾಕುವ ವಾರಗಳನ್ನೂ ಸೇರಿಸಿದರೆ ನಷ್ಟ ಸಣ್ಣದಲ್ಲ. ಆದರೆ ನಾಟಿ ಕೋಳಿ ಇಡುವುದೇ ಕಡಿಮೆ, ಅದರ ಬೆಲೆಯಿರುವುದು ಮರಿಗಳಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿ ಕಾವಿಗೆ ಕೂರುವುದಿಲ್ಲವಲ್ಲ ಎಂದರೆ, ಅದರ ಮೊಟ್ಟೆಗಳನ್ನೂ ನಾಟಿ ಹೇಟೆಯಡಿ ಇಡಬಹುದು. ನೂರಾರು ಮರಿ ಬೇಕೆನ್ನುವವರಿಗೆ ಮಾತ್ರ ಯಂತ್ರ ಅನಿವಾರ್ಯ. ಹೇಗೇ ಮಾಡಿದರೂ ಹುಂಜದ ಜೊತೆಗಿದ್ದ ಕೋಳಿಯ, ವಾರದೊಳಗಿನ ಮೊಟ್ಟೆಯೇ ಆಗಬೇಕು. ಅಂಗಡಿಯ ಫಾರಂ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ವ್ಯರ್ಥ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ, ರಕ್ತನಾಳ ಕಾಣದವನ್ನು ತೆಗೆದುಬಿಡಿ.