ಮೀಟರಿನ ಮಾತನ್ನು ನಂಬಬಹುದೇ?

ಅಜ್ಜಂಪುರದ ಸೀಮೆಯಲ್ಲಿ ಅಮೃತಮಹಲ್ ಹೋರಿಯನ್ನು ಕೊಳ್ಳುವ ರೈತನು ಅದು ಎಷ್ಟು ಮೈಲಿ ನಡೆದಿದೆಯೆಂದು ಕೇಳುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಹಳೆಯ ಮೋಟಾರ್ ಸೈಕಲ್ ಕೊಳ್ಳುವವರಿಗೂ ಇದೇ ಪಾಠ.

ಓಡಿದ ದೂರ ಲೆಕ್ಕಕ್ಕೆ ಬಾರದೆಂದಲ್ಲ. ಆದರೆ ಕಡೂರಿನ ಬಯಲು ಹೆದ್ದಾರಿಯಲ್ಲಿ ಸಮವೇಗದಿಂದ ಸಾಗಿದ 30,000 ಕಿಲೋಮೀಟರಿಗಿಂತ, ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಏರು ಹತ್ತಿಳಿದ 15,000 ಕಿಲೋಮೀಟರು ಕ್ಲಚ್ಚು, ಬ್ರೇಕುಗಳನ್ನು ಹೆಚ್ಚು ಸವೆಸೀತು. 1960ರ ದಶಕದಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿಗಳಂಥ ಹಳೆಯ ಗಾಡಿಗಳಲ್ಲಂತೂ ಮೀಟರಿನ ಕೇಬಲ್ ತುಂಡಾದರೆ ಚಕ್ರ ಉರುಳುತ್ತಿರುತ್ತದೆ, ಅಂಕೆ ಮಾತ್ರ ನಿಂತಿರುತ್ತದೆ.

ಆದುದರಿಂದ ವಾಚಕರು ಇಲ್ಲಿಯೂ ಹಲ್ಲನ್ನೇ ನೋಡಬೇಕು. ಚೈನು ಹಾಯುವ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಸವೆತ ನಿಶ್ಚಯ. ಮೀಟರು 8,000 ತೋರುತ್ತಿದ್ದು, ಕಾಲಿಡುವ ರಬ್ಬರು ನುಣ್ಣಗೆ ಸವೆದಿದ್ದರೆ ಮೀಟರನ್ನು ಶಂಕಿಸಿರಿ. ಚಾಲೂ ಮಾಡುವ ಮೊದಲು ಎಂಜಿನ್ನಿನ ಬಳಿ ಕೈಯೊಡ್ಡಿ ನೋಡಿರಿ. ಬಿಸಿಯಿದ್ದರೆ, ತಣ್ಣಗಿರುವಾಗಿನ ಅದರ ಹಟವನ್ನು ಮರೆಸಲು ಮೊದಲೇ ಓಡಿಸಿಟ್ಟಿರಬಹುದು. ನೋಂದಣಿ ಪುಸ್ತಕದ ಎಂಜಿನ್, ಚಾಸಿ ಸಂಖ್ಯೆಗಳನ್ನು ಗಾಡಿಯೊಡನೆ ತಾಳೆ ನೋಡದೆ ಮುಂಗಡ ಕೊಡಲಾಗದು.

ನೂರಿನ್ನೂರು ರೂಪಾಯಿ ಕೊಟ್ಟಾದರೂ ನಂಬಿಕೆಯ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯುವುದು ಲೇಸು. ಹಿಂದಿನ ಆಸನದಲ್ಲಿ ಕೂರುವವರು ನಮ್ಮ ಮಡದಿ ಮಕ್ಕಳೇ ಅಲ್ಲವೆ?