ಮೂವತ್ತೈದರಲ್ಲೊಂದು ಪಾಲು ಅಜೇಯ

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಶೇಡಬಾಳದಲ್ಲಿ ಕುಂಬಾರರು ಮಣ್ಣಿನ ಎತ್ತುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮನೆಮನೆಗೆ ಬರುತ್ತಿದ್ದರು. ಅಜ್ಜಿ ಒಂದೊಂದನ್ನೂ ಅಂಗೈ ಮೇಲೆ ನಿಲ್ಲಿಸಿ ನೋಡುತ್ತಿದ್ದಳು. ಹಿಣಿಲು ತಗ್ಗಿದ್ದರೆ, ಕೊಂಬಿನ ತಿರುವು ತಪ್ಪಿದ್ದರೆ ಬುಟ್ಟಿಗೆ ವಾಪಸು. ಅವಳ ಬಳಿ ಅಳತೆಪಟ್ಟಿ ಇರಲಿಲ್ಲ. ಹಗಲೆಲ್ಲ ಎತ್ತಿನ ಜೊತೆ ಬದುಕಿದ ಕಣ್ಣೇ ಅವಳ ಅಳತೆಪಟ್ಟಿ.

ಇಷ್ಟು ವರ್ಷಗಳ ನಂತರ ಅದೇ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ನಾನು ಟಿ-72 ಟ್ಯಾಂಕಿನ ಮಾದರಿ ಕಟ್ಟುತ್ತಿದ್ದೇನೆ. ನಮ್ಮ ಸೇನೆ ಇದನ್ನು ಕರೆಯುವುದು ‘ಅಜೇಯ’ ಎಂದು. ಸೋವಿಯತ್ ವಿನ್ಯಾಸದ ಈ ಟ್ಯಾಂಕನ್ನು ಪರವಾನಗಿ ಪಡೆದು ಚೆನ್ನೈ ಬಳಿಯ ಆವಡಿಯ ಕಾರ್ಖಾನೆಯಲ್ಲಿ ತಯಾರಿಸಲಾಯಿತು. ಎತ್ತಿನಂತೆ ಇದು ಕೊಟ್ಟಿಗೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಕಣ್ಣಿಗಿಂತ ಮೊದಲು ಲೆಕ್ಕ.

ಒಂದು ಮಿಲಿಮೀಟರಿನ ಬೆಲೆ

ಜಗತ್ತಿನ ಟ್ಯಾಂಕ್ ಮಾದರಿಕಾರರಲ್ಲಿ ಬಹುಪಾಲು ಜನರು ಒಪ್ಪಿರುವ ಪ್ರಮಾಣ 1:35. ಅಸಲಿ ವಸ್ತುವಿನ ಮೂವತ್ತೈದು ಸೆಂಟಿಮೀಟರು ಇಲ್ಲಿ ಒಂದು ಸೆಂಟಿಮೀಟರು. ಈ ಸಂಖ್ಯೆಯ ಹಿಂದೆ ಗಣಿತದ ಕಾರಣವೇನೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಾಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ, ಹೊಟ್ಟೆಯೊಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಂತೆ ಗಾತ್ರ ಇಟ್ಟಿತು. ಆ ಗಾತ್ರವೇ ಮುಂದೆ ಎಲ್ಲರ ರೂಢಿಯಾಯಿತು.

ಅಜೇಯದ ಉದ್ದ ನಳಿಗೆ ಮುಂದೆ ಚಾಚಿದಾಗ ಸುಮಾರು 9.53 ಮೀಟರು, ನನ್ನ ಮೇಜಿನ ಮೇಲೆ 27.2 ಸೆಂಟಿಮೀಟರು. ಅಗಲ 3.59 ಮೀಟರು ಇದ್ದದ್ದು 10.3 ಸೆಂಟಿಮೀಟರು, ಎತ್ತರ 2.23 ಮೀಟರು ಇದ್ದದ್ದು 6.4 ಸೆಂಟಿಮೀಟರು. ಅಂದರೆ ಕೈ ತಪ್ಪಿ ಒಂದು ಮಿಲಿಮೀಟರು ಹೆಚ್ಚು ಕತ್ತರಿಸಿದರೆ ಅಸಲಿ ಟ್ಯಾಂಕಿನಲ್ಲಿ ಮೂರೂವರೆ ಸೆಂಟಿಮೀಟರಿನ ತಪ್ಪು. ಉಕ್ಕಿನ ಕೆಲಸದಲ್ಲಿ ಅದು ಬಾಗಿಲೇ ಮುಚ್ಚಿಕೊಳ್ಳದಷ್ಟು ದೊಡ್ಡ ತಪ್ಪು.

ಕಿಟ್ ಕೊಂಡರೆ ಅರ್ಧ ಲೆಕ್ಕ ತಯಾರಕರೇ ಮಾಡಿಕೊಟ್ಟಿರುತ್ತಾರೆ. ನಾನು ಆರಿಸಿಕೊಂಡದ್ದು ಎಲ್ಲವನ್ನೂ ಕೈಯಿಂದಲೇ ಮಾಡುವ ದಾರಿ. ಒಡಲಿಗೆ ಪ್ಲಾಸ್ಟಿಕ್ ಹಾಳೆ, ಗಾಲಿಗಳಿಗೆ ಒಂದರ ಮೇಲೊಂದು ಅಂಟಿಸಿದ ಬಿಲ್ಲೆಗಳು. ನಳಿಗೆಗೆ ಹಳೆಯ ರೇಡಿಯೊದ ಏರಿಯಲ್. ಒಂದರೊಳಗೊಂದು ಸರಿಯುವ ಅದರ ಕೊಳವೆಗಳು ತುದಿಯತ್ತ ಸಣ್ಣದಾಗುತ್ತ ಹೋಗುವುದರಿಂದ ನಳಿಗೆಯ ಹಂತಗಳಿಗೆ ಸರಿಯಾಗಿ ಒದಗುತ್ತವೆ. ಅಸಲಿ ನಳಿಗೆಯ ಬಾಯಿ 125 ಮಿಲಿಮೀಟರು; ನನ್ನದು ಮೂರೂವರೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಮೂರು ಏರಿಯಲ್ ಅಳೆದ ಮೇಲೆ ತಕ್ಕದ್ದು ಸಿಕ್ಕಿತು.

ಗೋಪುರದ ಮೈ ಬೇರೆ ಪಾಠ ಕಲಿಸಿತು. ಒಡಲು ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ್ದು, ಅದಕ್ಕೆ ಅದು ನುಣುಪು. ಗೋಪುರ ಎರಕದ್ದು, ಮೈಯೆಲ್ಲ ತರಿತರಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಉಸುಕಿನ ಅಚ್ಚಿನಿಂದ ಆಗತಾನೆ ತೆಗೆದ ಎರಕದ ಮೇಲೆ ಕೈಯಾಡಿಸಿದವರಿಗೆ ಈ ತರಿ ಗೊತ್ತು. ಪುಟ್ಟಿ ತೆಳ್ಳಗೆ ಬಳಿದು, ಅದು ಹಸಿಯಿರುವಾಗಲೇ ಗಡಸು ಕುಂಚದಿಂದ ಕುಕ್ಕಿ ಕುಕ್ಕಿ ಆ ಮೈ ತಂದೆ. ಹೆಚ್ಚು ಕುಕ್ಕಿದ ಕಡೆ ಮತ್ತೆ ಪಾಲಿಶ್ ಪೇಪರಿನಿಂದ ಉಜ್ಜಿದೆ.

‘ಇದು ನಿಂತಿಲ್ಲ, ತೇಲಾಕತ್ತೈತಿ’

ಒಡಲಿಗೆ ಗಾಲಿ ಕೂರಿಸಿ ಚೈನು ತೊಡಿಸಿದ ದಿನ ನಮ್ಮೂರಿನ ಹಿರಿಯರೊಬ್ಬರನ್ನು ಕರೆದೆ. ಸೇನೆಯಲ್ಲಿ ಟ್ಯಾಂಕ್ ಓಡಿಸಿ ನಿವೃತ್ತರಾದವರು, ಊರಿಗೆಲ್ಲ ಕಾಕಾ. ಮೇಜಿನ ಮಟ್ಟಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು.

“ಅಳತಿ ಎಲ್ಲಾ ಬರೋಬರಿ ಐತಿ. ಆದ್ರ ತಮ್ಮಾ, ಇದು ನಿಂತಿಲ್ಲ, ತೇಲಾಕತ್ತೈತಿ.”

“ಯಾಕ್ರೀ ಕಾಕಾ?”

“ಚೈನ್ ನೋಡು. ಹಗ್ಗ ಬಿಗದಂಗ ಐತಿ. ಕಬ್ಬಿಣದ್ದು ಅದು, ಜೋಲಬೇಕು.”

ಅವರು ಹೇಳಿದ್ದರಲ್ಲಿ ಪ್ರಮಾಣದ ಒಂದು ದೊಡ್ಡ ಸತ್ಯವಿದೆ. ಉದ್ದ ಮೂವತ್ತೈದು ಪಾಲು ಕುಗ್ಗಿದರೆ ತೂಕ ಅಷ್ಟಕ್ಕೇ ನಿಲ್ಲುವುದಿಲ್ಲ. ಮೂವತ್ತೈದರ ಘನ, ಅಂದರೆ 42,875 ಪಾಲು ಕುಗ್ಗುತ್ತದೆ. 41.5 ಟನ್ನಿನ ಅಜೇಯವನ್ನು ಅದೇ ಉಕ್ಕಿನಲ್ಲಿ, ಅದೇ ದಪ್ಪದ ಲೆಕ್ಕದಲ್ಲಿ ಈ ಗಾತ್ರಕ್ಕೆ ಇಳಿಸಿದರೂ ತೂಗುವುದು ಒಂದು ಕಿಲೋಗೂ ಕಡಿಮೆ. ನನ್ನ ಪ್ಲಾಸ್ಟಿಕ್ಕಿನ ಮಾದರಿ ಅದಕ್ಕಿಂತಲೂ ಎಷ್ಟೋ ಹಗುರ. ಅಸಲಿಯಲ್ಲಿ ತೂಕವೇ ತಾನಾಗಿ ಮಾಡುವ ಕೆಲಸವನ್ನು ಮಾದರಿಯಲ್ಲಿ ಕೈ ಮಾಡಬೇಕು. ಮೇಲಿನ ಚೈನನ್ನು ಹೊರುವ ಸಣ್ಣ ರೋಲರುಗಳು ಬದಿಗೆ ಮೂರು. ಅವುಗಳ ನಡುವೆ ಚೈನು ಜೋತು ಬೀಳಬೇಕು. ಒಂದೊಂದು ಬದಿಗೆ ತೊಂಬತ್ತಕ್ಕೂ ಹೆಚ್ಚು ಕೊಂಡಿ. ಎಲ್ಲ ಬಿಚ್ಚಿ, ಮತ್ತೆ ಜೋಡಿಸಿ, ಅಂಟು ಪೂರ್ತಿ ಒಣಗುವ ಮೊದಲೇ ಮಡ್‌ಗಾರ್ಡಿನ ಕೆಳಗೆ ಹತ್ತಿ ತುರುಕಿ ಚೈನನ್ನು ಒತ್ತಿ ಕೂರಿಸಿದೆ. ಮರುದಿನ ಹತ್ತಿ ತೆಗೆದಾಗ ಟ್ಯಾಂಕು ಮೊದಲ ಸಲ ನೆಲ ಕಚ್ಚಿ ನಿಂತಂತೆ ಕಂಡಿತು.

ಕಾಕಾ ಕೇಳಿದ ಎರಡನೆಯ ಪ್ರಶ್ನೆ, “ದಿಮ್ಮಿ ಎಲ್ಲಿ?” ಅಜೇಯದ ಬೆನ್ನಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಕಟ್ಟಿರುತ್ತಾರೆ. ಕೆಸರಿನಲ್ಲಿ ಹೂತಾಗ ಅದನ್ನು ಬಿಚ್ಚಿ ಚೈನುಗಳಿಗೆ ಅಡ್ಡಲಾಗಿ ಬಿಗಿಯುತ್ತಾರೆ. ಚೈನು ತಿರುಗಿದಂತೆ ದಿಮ್ಮಿ ಅಡಿಗೆ ಹೋಗಿ ಹಿಡಿತ ಕೊಡುತ್ತದೆ, ಟ್ಯಾಂಕು ಅದರ ಮೇಲೆ ಹತ್ತಿ ಬರುತ್ತದೆ. ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಎರೆಹೊಲದಲ್ಲಿ ಹುಗಿದಾಗ ನಮ್ಮ ರೈತರು ಗಾಲಿಯ ಅಡಿಗೆ ಕಟ್ಟಿಗೆ ಕೊಡುವುದೂ ಇದೇ ಜಾಣ್ಮೆಯಿಂದ. ದಿಮ್ಮಿಗೂ ಬಗ್ಗದಿದ್ದರೆ ಎಳೆಯುವ ಟ್ಯಾಂಕು ಬರಬೇಕು. ಟಿ-72ರ ಚಾಸಿಯನ್ನೇ ಆಧರಿಸಿದ ಅಂಥ ವಾಹನಗಳನ್ನು ಸೇನೆಗೆ ಒದಗಿಸಿದ್ದು ನಮ್ಮ ಕರ್ನಾಟಕದ್ದೇ ಆದ, 1964ರಲ್ಲಿ ಹುಟ್ಟಿದ ಬಿಇಎಂಎಲ್. ನನ್ನ ದಿಮ್ಮಿಗೆ ಹೊಲದಿಂದ ಹತ್ತಿಕಟ್ಟಿಗೆ ತಂದೆ. ಸಣ್ಣ ಮಾದರಿಗೆ ತೊಗಟೆಯ ಗೆರೆಗಳೂ ಸಣ್ಣವೇ ಇರಬೇಕಲ್ಲ!

ಮಣ್ಣು ಸುಳ್ಳು ಹೇಳಬಾರದು

ಬಣ್ಣ ಮುಗಿದ ಮೇಲೆ ಚೈನಿಗೆ ಮಣ್ಣು ಹಚ್ಚುವ ಕೆಲಸ. ಹಿತ್ತಲಿನ ಎರೆಮಣ್ಣನ್ನು ಅಂಟಿನಲ್ಲಿ ಕಲಸಿ ಹಚ್ಚಿದೆ. ಎರಡು ತಪ್ಪು ಒಟ್ಟಿಗೆ ಮಾಡಿದೆ. ಮೊದಲನೆಯದು, ನಾನು ತೋರಿಸಲು ಹೊರಟದ್ದು ರಾಜಸ್ಥಾನದ ಮರಳಿನಲ್ಲಿ ಓಡುವ ಟ್ಯಾಂಕು. ಅಲ್ಲಿ ಕೃಷ್ಣೆಯ ದಂಡೆಯ ಕಪ್ಪು ಮಣ್ಣು ಎಲ್ಲಿಂದ ಬರಬೇಕು? ಎರಡನೆಯದು, ಒಂದು ಮಿಲಿಮೀಟರಿನ ಉಸುಕಿನ ಕಾಳು ಈ ಪ್ರಮಾಣದಲ್ಲಿ ಮೂರೂವರೆ ಸೆಂಟಿಮೀಟರಿನ ಕಲ್ಲಾಗುತ್ತದೆ. ಎಲ್ಲ ತೊಳೆದು, ತಿಳಿ ಹಳದಿಯ ಮಣ್ಣನ್ನು ಔಷಧದ ಚೂರ್ಣದಂತೆ ವಸ್ತ್ರಗಾಳಿತ ಮಾಡಿ ಹಚ್ಚಿದೆ. ಹೊಗೆಯ ಮಸಿಯನ್ನೂ ಎಡಬದಿಗೆ ಮಾತ್ರ ಹಚ್ಚಿದೆ. ಅಜೇಯದ ಹೊಗೆಬಾಯಿ ಇರುವುದು ಎಡಕ್ಕೆ.

ಇಂಥ ವಿವರಗಳಿಗೆ ಯಾವ ಗುಟ್ಟಿನ ಕಾಗದವೂ ಬೇಡ. ಜನವರಿ 26ರ ಪಥಸಂಚಲನದ ದೃಶ್ಯಗಳಿವೆ, ಪುಸ್ತಕಗಳಿವೆ. ಅಹ್ಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, 1994ರಿಂದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ವಿಜಯಂತ, ಸೆಂಚೂರಿಯನ್, ಯುದ್ಧದಲ್ಲಿ ವಶಪಡಿಸಿಕೊಂಡ ಪ್ಯಾಟನ್ ಅಲ್ಲಿ ಬಯಲಿನಲ್ಲೇ ನಿಂತಿವೆ. ಮಾದರಿ ಕಟ್ಟಬೇಕೆನ್ನುವ ಮಕ್ಕಳನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ. ಬೆಸುಗೆಯ ಗೆರೆ, ಉಕ್ಕಿನ ದಪ್ಪ ಕಣ್ಣಿಗೆ ಇಳಿಯಲಿ. ಅಂಟು, ಕತ್ತರಿ ಆಮೇಲೆ.

ಕೆಲಸ ಮುಗಿದಾಗ ಕಾಕಾ ಮತ್ತೆ ಬಂದರು. ಚೈನು ನೋಡಿ ತಲೆಯಾಡಿಸಿದರು, ದಿಮ್ಮಿ ಮುಟ್ಟಿದರು. ಆಮೇಲೆ ಒಂದೇ ಬೆರಳಿನಿಂದ ನಳಿಗೆಯನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿದ್ದ ಚಾಲಕನ ಬಾಗಿಲ ಮೇಲೆ ಉಗುರು ಇಟ್ಟರು.

“ಇಲ್ಲಿ ನಾ ಕುಂದರತಿದ್ದೆ.”

ಇಡೀ ಟ್ಯಾಂಕಿನಲ್ಲಿ ನಾನು ಅಳೆಯದೆ ಅಂದಾಜಿನಲ್ಲಿ ಮಾಡಿದ್ದು ಅದೊಂದನ್ನೇ. ನಳಿಗೆಯ ಮರೆಗೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಅವರು ಏನೂ ಹೇಳದೆ ಚಹಾ ಕುಡಿದು ಹೋದರು. ಅಂದು ರಾತ್ರಿಯೇ ಆ ಬಾಗಿಲನ್ನು ಕಿತ್ತೆ. ಈಗ ಕ್ಯಾಲಿಪರ್ ಹಿಡಿದು ಹೊಸದನ್ನು ಕತ್ತರಿಸುತ್ತಿದ್ದೇನೆ.