ಗೆದ್ದ ರಾತ್ರಿಗೆ ಯಜಮಾನ ಯಾರು?

ಪೊಲೀಸರಿಗೆ ಸೋತ ರಾತ್ರಿಯ ಚಿಂತೆ ಕಡಿಮೆ. ಸೋತ ತಂಡದವರು ಟಿವಿ ಆರಿಸಿ, ಇಬ್ಬರು ಮೂವರು ಆಟಗಾರರನ್ನು ಬೈದು ಮಲಗಿಬಿಡುತ್ತಾರೆ. ಗೆದ್ದವರಿಗೆ ನಿದ್ದೆ ಬರುವುದಿಲ್ಲ, ಮನೆಯೂ ಸಾಲುವುದಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನುಗಳಿಂದ ಗೆದ್ದು ಮೊದಲ ಸಲ ಐಪಿಎಲ್ ಕಪ್ ಎತ್ತಿದಾಗ ಬೆಳಗಾವಿಗೂ ಮನೆ ಸಾಲಲಿಲ್ಲ. ರಾತ್ರಿ ಹನ್ನೊಂದೂವರೆಗೆಲ್ಲ ಟಿಳಕವಾಡಿಯ ನಮ್ಮ ಗಲ್ಲಿಯಲ್ಲಿ ಮಾಲೆ ಪಟಾಕಿ ಹತ್ತಿತು. ಸೈಲೆನ್ಸರ್ ಕಿತ್ತ ಬೈಕುಗಳು ಒಂದರ ಹಿಂದೊಂದು ಚನ್ನಮ್ಮ ವೃತ್ತದ ಕಡೆ ಹೊರಟವು.

ನಾನು ಖಾನಾಪುರ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತಳಾದವಳು. ಪಿ.ಟಿ. ಟೀಚರ್ ಅಂದರೆ ಸೀಟಿ ಊದುವವಳು ಎಂದು ಜನ ತಿಳಿದಿದ್ದಾರೆ. ನಮ್ಮ ಅರ್ಧ ಕೆಲಸ ಗುಂಪಿನದು. ಮುನ್ನೂರು ಮಕ್ಕಳನ್ನು ಒಂದೇ ಗೇಟಿನಿಂದ ಹೊರಗೆ ಬಿಡುವುದು, ಕಬಡ್ಡಿ ಗೆದ್ದ ಹುಡುಗರನ್ನು ಸೋತ ಊರಿನ ಮುಂದೆ ಕುಣಿಯಗೊಡದೆ ಟೆಂಪೋ ಹತ್ತಿಸುವುದು, ಇವೆಲ್ಲ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪಾಠಗಳು. ಆ ಅಭ್ಯಾಸದಿಂದಲೇ ಇರಬೇಕು, ಅವತ್ತು ಎಲ್ಲರೂ ಕಪ್ ನೋಡುತ್ತಿದ್ದಾಗ ನಾನು ಬೀದಿ ನೋಡುತ್ತಿದ್ದೆ.

ಅಷ್ಟರಲ್ಲಿ ಖಾನಾಪುರದ ಹಳೆಯ ವಿದ್ಯಾರ್ಥಿಯೊಬ್ಬನ ಫೋನು.

"ಅಕ್ಕೋರ, ಕಪ್ ಬಂತ್ರೀ!"

"ಎಲ್ಲಿದ್ದೀಯೋ?"

"ಚನ್ನಮ್ಮ ಸರ್ಕಲ್‌ನ್ಯಾಗ್ರಿ. ದೋಸ್ತರ ಸಂಗಾಟ ಬಂದೇನ್ರಿ."

"ಎಷ್ಟ ಮಂದಿ? ಎಷ್ಟ ಬೈಕು?"

"ಮೂರ್ ಮಂದಿ… ಒಂದ ಬೈಕ್ರಿ. ಅಕ್ಕೋರ, ಹದಿನೆಂಟ ವರ್ಷ ಕಾದೇವ್ರಿ. ಇವತ್ತೊಂದ ರಾತ್ರಿ ಬೈಬ್ಯಾಡ್ರಿ!"

ಅವನಿಗೆ ಇಪ್ಪತ್ತೆರಡು ವರ್ಷ. ಹದಿನೆಂಟು ವರ್ಷ ಕಾದದ್ದು ನಿಜವಾದರೆ ಅಂಗನವಾಡಿಯಿಂದಲೇ ಕಾಯಲು ಶುರುಮಾಡಿರಬೇಕು. ಆದರೂ ಅವನ ಮಾತು ಸುಳ್ಳಲ್ಲ. ಅವನ ಮನೆಯ ಮಾತು ಮರಾಠಿ. ಭಾಷೆಯ ಹೆಸರಿನಲ್ಲಿ ಬೆಳಗಾವಿ ಎಷ್ಟು ಸಲ ಅಂಗಡಿ ಮುಚ್ಚಿದೆ, ಬಸ್ಸು ನಿಲ್ಲಿಸಿದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಊರಿನ ಚನ್ನಮ್ಮ ವೃತ್ತದಲ್ಲಿ ಖಾನಾಪುರದ ಮರಾಠಿ ಹುಡುಗ ನಿಂತು 'ಈ ಸಲ ಕಪ್ ನಮ್ದೇ' ಎಂದು ಕನ್ನಡದಲ್ಲಿ ಕೂಗುತ್ತಿದ್ದ. ಅಷ್ಟರಮಟ್ಟಿಗೆ ಆ ರಾತ್ರಿಯನ್ನು ನಾನು ಹರಸುತ್ತೇನೆ.

ಯಾರೋ ಆಡಿದ ಆಟಕ್ಕೆ ಇವರೇಕೆ ಹೀಗೆ ಕುಣಿಯುತ್ತಾರೆ? ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ಕಾಲೇಜು ತಂಡ ಗೆದ್ದ ನಂತರದ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವವರು ಹೆಚ್ಚು. ಗೆದ್ದ ಆಟದ ಬಗ್ಗೆ ಕೇಳಿದರೆ 'ನಾವು ಗೆದ್ದೆವು' ಎನ್ನುವ ವಿದ್ಯಾರ್ಥಿಗಳು ಸೋತ ಆಟದ ಬಗ್ಗೆ ಕೇಳಿದರೆ 'ಅವರು ಸೋತರು' ಎಂದು ಜಾರಿಕೊಳ್ಳುತ್ತಿದ್ದರು. ಗೆಲುವಿನಲ್ಲಿ ಪಾಲು ಬೇಕು, ಸೋಲಿನಲ್ಲಿ ಬೇಡ.

ಆರ್‌ಸಿಬಿಯ ಹುಡುಗರು ಮಾತ್ರ ಈ ಲೆಕ್ಕಕ್ಕೆ ಸಿಗುವವರಲ್ಲ. 2009, 2011, 2016ರ ಫೈನಲ್ಲುಗಳಲ್ಲಿ ತಂಡ ಸೋತಾಗಲೂ 'ನಾವು ಸೋತ್ವಿ' ಎಂದೇ ಅತ್ತರು. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈಯನ್ನು 27 ರನ್ನುಗಳಿಂದ ಸೋಲಿಸಿ ತಂಡ ಪ್ಲೇಆಫ್ ಪ್ರವೇಶಿಸಿತು. ಬರೀ ಪ್ರವೇಶ ಅಷ್ಟೇ. ಬೆಂಗಳೂರಿನ ರಸ್ತೆಗಳಲ್ಲಿ ನಡುರಾತ್ರಿ ಕಪ್ಪೇ ಬಂದಂತೆ ಜನ ಕುಣಿದರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಎಲಿಮಿನೇಟರಿನಲ್ಲಿ ರಾಜಸ್ಥಾನ ಮನೆಗೆ ಕಳಿಸಿತು. ಇಷ್ಟು ವರ್ಷ ಸೋಲಿನಲ್ಲೂ ಪಾಲು ಕೊಟ್ಟವರು ಗೆಲುವು ಬಂದಾಗ ಬಡ್ಡಿಸಮೇತ ವಸೂಲಿಗೆ ಇಳಿದರು.

ಇದಕ್ಕೆ ಬೆಳಗಾವಿಯದೇ ಇನ್ನೊಂದು ಸಾಕ್ಷಿ ಇದೆ. 2017ರಲ್ಲಿ ಬೆಳಗಾವಿ ಪ್ಯಾಂಥರ್ಸ್ ತಂಡ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದಿತ್ತು. ಊರಿನ ಹೆಸರನ್ನೇ ಹೊತ್ತ ತಂಡ. ಆ ರಾತ್ರಿ ಚನ್ನಮ್ಮ ವೃತ್ತದಲ್ಲಿ ಒಂದು ಪಟಾಕಿ ಸಿಡಿದ ನೆನಪೂ ನನಗಿಲ್ಲ. ಊರಿನ ಹೆಸರಿದ್ದರೆ ಸಾಲದು. ಅಪ್ಪನ ಜೊತೆ ಕೂತು ನೋಡಿದ ಮ್ಯಾಚು, ಶಾಲೆಯಲ್ಲಿ ತಿಂದ ಚುಡಾಯಿಕೆ, ವರ್ಷವರ್ಷವೂ ಮುರಿದ ಆಸೆ ಇವೆಲ್ಲ ಕೂಡಿದರೆ ತಂಡ ನಮ್ಮದಾಗುತ್ತದೆ.

ಕಾದು ಗೆದ್ದವರ ರಾತ್ರಿ ಲೋಕದೆಲ್ಲೆಡೆ ಹೀಗೇ. ಬೇಸ್‌ಬಾಲ್ ನಮ್ಮಲ್ಲಿ ಆಡುವವರಿಲ್ಲ, ಆದರೆ ಅದರ ಅಭಿಮಾನಿಗಳ ಕಥೆ ಕೇಳಿದರೆ ಬೆಳಗಾವಿಯ ಹುಡುಗರಿಗೆ ಅಣ್ಣತಮ್ಮಂದಿರು ಸಿಕ್ಕಂತಾಗುತ್ತದೆ. ಅಮೆರಿಕದ ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡ 1918ರ ಬಳಿಕ 86 ವರ್ಷ ಚಾಂಪಿಯನ್ ಆಗಿರಲಿಲ್ಲ. 2004ರ ಅಕ್ಟೋಬರಿನಲ್ಲಿ, ಫೈನಲ್ಲಿಗೂ ಮುಂಚಿನ ಪ್ಲೇಆಫ್ ಸರಣಿಯಲ್ಲಿ, ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಎದುರು ಮೊದಲ ಮೂರು ಆಟ ಸೋತು ಮುಂದಿನ ನಾಲ್ಕನ್ನೂ ಗೆದ್ದಿತು. ಕೊನೆಯ ಆಟ ನಡೆದದ್ದು ನ್ಯೂಯಾರ್ಕಿನಲ್ಲಿ, ಜನ ಸೇರಿದ್ದು ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಸುತ್ತ. ಗುಂಪು ಚದುರಿಸಲು ಪೊಲೀಸರು ಹಾರಿಸಿದ ಖಾರಪುಡಿಯ ಗುಂಡು ಕಣ್ಣಿಗೆ ತಗುಲಿ 21 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು. ವಾರದೊಳಗೆ ತಂಡ ಕಪ್ ಗೆದ್ದಿತು, ಆ ಹುಡುಗಿ ಇರಲಿಲ್ಲ.

ಜಪಾನಿನ ಒಸಾಕಾ ಪ್ರದೇಶದ ಹನ್ಶಿನ್ ಟೈಗರ್ಸ್ ತಂಡದ್ದು ಇನ್ನೂ ಸ್ವಾರಸ್ಯದ ಕಥೆ. 1985ರಲ್ಲಿ ತಂಡ ಲೀಗ್ ಗೆದ್ದಾಗ ಅಭಿಮಾನಿಗಳು ದೋತೊಂಬೊರಿ ಕಾಲುವೆಯ ಸೇತುವೆ ಮೇಲೆ ಸೇರಿ ಒಬ್ಬೊಬ್ಬ ಆಟಗಾರನ ಹೆಸರನ್ನೂ ಕೂಗಿದರು. ಆ ಆಟಗಾರನ ಚಹರೆ ಇರುವವನೊಬ್ಬ ನೀರಿಗೆ ಹಾರಬೇಕು. ಗಡ್ಡದ ಅಮೆರಿಕನ್ ಆಟಗಾರ ರ‍್ಯಾಂಡಿ ಬಾಸ್ ಸರದಿ ಬಂದಾಗ ಅವನಂತೆ ಕಾಣುವವರು ಯಾರೂ ಸಿಗಲಿಲ್ಲ. ಪಕ್ಕದ ಕೆಎಫ್‌ಸಿ ಅಂಗಡಿಯ ಮುಂದಿದ್ದ ಗಡ್ಡದಜ್ಜನ ಬೊಂಬೆಯನ್ನೇ ಹೊತ್ತು ತಂದು ಕಾಲುವೆಗೆ ಎಸೆದರು. ಆ ವರ್ಷ ಜಪಾನ್ ಸೀರೀಸ್ ಗೆದ್ದ ತಂಡ ಅದನ್ನು ಮತ್ತೆ ಗೆದ್ದದ್ದು 2023ರಲ್ಲಿ. ಬೊಂಬೆಯ ಶಾಪ ಎಂದೇ ಜನ ನಂಬಿದ್ದರು. 2009ರಲ್ಲಿ ಬೊಂಬೆ ಕೆಸರಿನಿಂದ ಮೇಲೆದ್ದಿತು. ನಗಲು ಚೆನ್ನಾಗಿದೆ. ಆದರೆ 2003ರಲ್ಲಿ ಲೀಗ್ ಗೆದ್ದ ರಾತ್ರಿ ಅದೇ ಕಾಲುವೆಗೆ ಸಾವಿರಾರು ಜನ ಹಾರಿದಾಗ ಒಬ್ಬ ಮುಳುಗಿ ಸತ್ತ. ಹಾಗಾಗಿ 2023ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಪೊಲೀಸರು ಮುಂಚಿತವಾಗಿಯೇ ಸೇತುವೆ ಕಾಯುತ್ತಿದ್ದರು.

ಫಿಲಡೆಲ್ಫಿಯಾ ನಗರದಲ್ಲಿ ಗೆದ್ದ ರಾತ್ರಿ ಲೈಟಿನ ಕಂಬ ಹತ್ತುವ ಚಟ. ಹತ್ತದಿರಲೆಂದು ಕಂಬಗಳಿಗೆ ಜಿಡ್ಡು ಸವರಿಸಿದರು. ಹುಡುಗರು ಅದನ್ನೂ ಪಂದ್ಯವೆಂದೇ ತಿಳಿದು ಹತ್ತಿದರು. ತಡೆ ಒಡ್ಡಿದಷ್ಟೂ ಹುರುಪು ಏರುತ್ತದೆ ಎಂದು ಯಾವ ಪಿ.ಟಿ. ಮಾಸ್ತರನನ್ನು ಕೇಳಿದ್ದರೂ ಹೇಳುತ್ತಿದ್ದ.

ನಮ್ಮ ಕಪ್ಪಿನ ಮರುದಿನ, ಜೂನ್ 4ರಂದು, ಬೆಂಗಳೂರಿನಲ್ಲಿ ಆದದ್ದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಎರಡು ಲಕ್ಷಕ್ಕೂ ಮೀರಿ ಜನ ಸೇರಿದರು. ಮೆರವಣಿಗೆ ಉಂಟೋ ಇಲ್ಲವೋ, ಪಾಸು ಬೇಕೋ ಬೇಡವೋ, ಯಾವ ಗೇಟು ತೆರೆಯುತ್ತದೋ ಎಂಬ ಗೊಂದಲದಲ್ಲಿ 11 ಜನ ಸತ್ತರು. ಹೆಚ್ಚಿನವರು ಹರೆಯದವರು, ಶಾಲೆಗೆ ಹೋಗುವ ಹುಡುಗಿಯೂ ಅವರಲ್ಲಿದ್ದಳು. ಇತ್ತ ನಮ್ಮ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗೆಲುವಿಗೆ ಕುಣಿಯುತ್ತಿದ್ದ ಯುವಕನೊಬ್ಬ ಕುಸಿದು ಪ್ರಾಣ ಬಿಟ್ಟಿದ್ದ.

ಇಂಥ ಸಾವಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಜನ ಹೆದರಿ ಓಡುತ್ತಾರೆ, ಬಿದ್ದವರನ್ನು ತುಳಿಯುತ್ತಾರೆ, ಅದಕ್ಕೇ ಸಾವು ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಓಡಲು ಜಾಗವೇ ಇರುವುದಿಲ್ಲ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ಇರುವವರೆಗೆ ಕೈಕಾಲು ನಮ್ಮ ಮಾತು ಕೇಳುತ್ತವೆ. ಐದಾರು ದಾಟಿದರೆ ಸಂತೆ ದಿನದ ಖಾನಾಪುರ ಬಸ್ಸಿನಂತೆ, ನಾವು ನಡೆಯುವುದಿಲ್ಲ, ಗುಂಪೇ ನಮ್ಮನ್ನು ಒಯ್ಯುತ್ತದೆ. ಆರೇಳು ಆದರೆ ಹಿಂದಿನವರ ಒಂದು ನೂಕು ಅಲೆಯಾಗಿ ಮುಂದಿನವರ ಎದೆಗೆ ಬಂದು ಬಡಿಯುತ್ತದೆ. ಎದೆಗೂಡು ಹಿಗ್ಗಲು ಜಾಗವಿಲ್ಲದೆ ಮನುಷ್ಯ ನಿಂತಲ್ಲೇ ಉಸಿರುಗಟ್ಟುತ್ತಾನೆ. ಹಿಂದೆ ಇರುವವರಿಗೆ ಮುಂದಿನದು ಕಾಣುವುದಿಲ್ಲ. ಗೇಟು ತೆರೆದರಂತೆ ಎಂದು ಖುಷಿಯಿಂದಲೇ ನೂಕುತ್ತಿರುತ್ತಾರೆ. ಕೊಲ್ಲುವವರಿಗೆ ಕೊಲ್ಲುತ್ತಿರುವುದೇ ತಿಳಿಯದು. ಅದಕ್ಕೇ ಗುಂಪಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಎದೆಮಟ್ಟಕ್ಕೆ ಒತ್ತಡ ಬಂದಾಗ ತೋಳುಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ಎದುರು ನೂಕದೆ ಅಲೆ ನಿಂತಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ ಎಂದು ಮಕ್ಕಳಿಗೆ ಕಲಿಸಬಹುದು. ಆದರೆ ಅಲ್ಲಿವರೆಗೆ ಬರಗೊಡದಿರುವುದು ಕರೆದವರ ಕೆಲಸ.

ಕರೆದವರು ಯಾರು? ಜೂನ್ 4ರ ನಂತರ ಎಲ್ಲರೂ ಕೇಳಿದ್ದು ಇದನ್ನೇ. ಫ್ರಾಂಚೈಸಿಯೋ, ಕ್ರಿಕೆಟ್ ಸಂಸ್ಥೆಯೋ, ಸರಕಾರವೋ, ಪೊಲೀಸರೋ ಎಂದು ವಿಷಯ ಹೈಕೋರ್ಟಿಗೆ ಹೋಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗ ಕೂತಿತು. ಜನ ಸೇರುವ ಮೊದಲೇ ಉತ್ತರ ಇರಬೇಕಾದ ಪ್ರಶ್ನೆ ಇದು.

ನಮ್ಮ ಭಾಗದ ಹಳೆಯ ಸಂಭ್ರಮಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು. ಮೊದಲ ನಂಬರಿನ ಕುಸ್ತಿ ಮುಗಿದೊಡನೆ ಗೆದ್ದ ಪೈಲ್ವಾನನನ್ನು ಹೆಗಲ ಮೇಲೆ ಹೊರುತ್ತಾರೆ, ಗುಲಾಲು ಹಾರುತ್ತದೆ, ತಲೆಗೆ ಪಟಗಾ ಸುತ್ತುತ್ತಾರೆ, ಮೆಚ್ಚಿದವರು ಕೈಯಲ್ಲಿ ನೋಟು ತುರುಕುತ್ತಾರೆ. ಗದ್ದಲಕ್ಕೆ ಕೊರತೆಯಿಲ್ಲ. ಆದರೆ ಮೈದಾನಕ್ಕೆ ಕಮಿಟಿಯವರಿದ್ದಾರೆ, ಪಂಚರಿದ್ದಾರೆ, ಹಲಗಿಯವರಿದ್ದಾರೆ. ಕಮಿಟಿಯ ಹಿರಿಯ ಕೈ ಎತ್ತಿದರೆ ಹಲಗಿ ನಿಲ್ಲುತ್ತದೆ. ಹಲಗಿ ನಿಂತರೆ ಜನಕ್ಕೆ ಗೊತ್ತು, ಇನ್ನು ಮನೆಗೆ.

ಗಣಪತಿಯದೂ ಹಾಗೆಯೇ. ಟಿಳಕರ ಪ್ರೇರಣೆಯಿಂದ 1905ರಲ್ಲಿ ಝೆಂಡಾ ಚೌಕದಲ್ಲಿ ಶುರುವಾದ ಸಾರ್ವಜನಿಕ ಗಣೇಶೋತ್ಸವದ ಊರು ಇದು. ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಡಿಜೆ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ, ಕುಡಿದು ಬಂದವರೂ ಇರುತ್ತಾರೆ, ಅದನ್ನೇನೂ ನಾನು ಮುಚ್ಚಿಡುವುದಿಲ್ಲ. ಆದರೂ ಪ್ರತಿ ಮಂಡಳಿಗೊಬ್ಬ ಅಧ್ಯಕ್ಷ, ವಾರಗಳ ಮುಂಚೆ ಶಾಂತಿ ಸಭೆ, ಗೊತ್ತಾದ ದಾರಿ, ಕೊನೆಗೆ ಕಪಿಲೇಶ್ವರ ಹೊಂಡ. ಎಲ್ಲಿ ಮುಗಿಯುತ್ತದೆ ಎಂಬುದು ಹೊರಡುವಾಗಲೇ ಗೊತ್ತಿರುವ ಮೆರವಣಿಗೆಗೆ ಸಿಟ್ಟು ಕಡಿಮೆ. ಜೂನ್ 3ರ ರಾತ್ರಿಗೆ ದಾರಿಯೂ ಇರಲಿಲ್ಲ, ಹೊಂಡವೂ ಇರಲಿಲ್ಲ. ಸುಸ್ತಾಗುವವರೆಗೆ, ಇಲ್ಲವೇ ಲಾಠಿ ಬೀಸುವವರೆಗೆ ಎಂಬ ಎರಡೇ ಕೊನೆಗಳು.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಯಜಮಾನನಿಲ್ಲದ ಬೀದಿ ಬರೀ ಗಂಡಸರದಾಗುತ್ತದೆ. ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು, 2024ರ ಮಾರ್ಚ್ 17ರಂದು, ದೆಹಲಿಯನ್ನು ಸೋಲಿಸಿ. ಅಂದಿನ ಫೈನಲ್ಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಕಿತ್ತಿದ್ದಳು. ಆ ಕಪ್ಪಿಗೂ ಈ ಕಪ್ಪಿಗೂ ನಮ್ಮ ಗಲ್ಲಿಯ ಹುಡುಗಿಯರು ತಾರಸಿ ಮೇಲೆಯೇ ಕುಣಿದರು. ಕೆಳಗೆ ಬನ್ನಿ ಎಂದು ನಾನೂ ಕರೆಯಲಿಲ್ಲ, ಕರೆಯುವ ಹಾಗೆ ಬೀದಿ ಇರಲಿಲ್ಲ. ಜಾತ್ರೆಯಲ್ಲಿ ನಡುರಾತ್ರಿ ತೇರಿನ ಮುಂದೆ ನಿಲ್ಲುವ ಅದೇ ಹುಡುಗಿಯರು ಇವರು. ಒಂದು ಸಂಭ್ರಮ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ನನ್ನ ಅಳತೆ ಇಷ್ಟೇ: ಅಲ್ಲಿ ಹುಡುಗಿಯರು ಎಷ್ಟು ಹೊತ್ತು ನಿಲ್ಲುತ್ತಾರೆ?

ಸಂಭ್ರಮವೇ ಬೇಡ ಎನ್ನುವ ಗುಂಪಿಗೆ ನಾನು ಸೇರಿದವಳಲ್ಲ. ಇಟ್ಟಿಗೆ ಹೊತ್ತು, ಗೋವೆಗೆ ದುಡಿಯಲು ಹೋಗಿ ಬರುವ ನಮ್ಮ ಹುಡುಗರಿಗೆ ವರ್ಷಕ್ಕೊಂದು ರಾತ್ರಿ ಕೂಗಿ ಹಗುರಾಗುವ ಹಕ್ಕಿದೆ. ಬೇಕಾದದ್ದು ಅದಕ್ಕೊಂದು ಜಾಗ, ಒಂದು ಹೊತ್ತು, ಹೆಸರು ಹೇಳಿ ನಿಲ್ಲುವ ನಾಲ್ಕು ಜನ. ಫೈನಲ್ ದಿನ ಪಾಲಿಕೆ ಬೆಳಗಾವಿಯ ಸರ್ದಾರ್ ಮೈದಾನದಲ್ಲಿ, ಪಟ್ಟಣ ಪಂಚಾಯಿತಿ ಖಾನಾಪುರದಲ್ಲಿ ದೊಡ್ಡ ಪರದೆ ಹಾಕಲಿ. ಒಳಗೆ ಬರಲು ಒಂದು ದಾರಿ, ಹೊರಹೋಗಲು ಎರಡು. ಹೆಣ್ಣುಮಕ್ಕಳಿಗೆ ಮುಂದಿನ ಸಾಲು. ಅಂಚಿನಲ್ಲಿ ಆಂಬುಲೆನ್ಸು, ನೀರು. ಕಪ್ ಬಂದರೆ ಒಂದು ತಾಸು ಹಲಗಿ, ಆಮೇಲೆ ಖಾನಾಪುರಕ್ಕೆ ಕೊನೆಯ ಬಸ್ಸು, ಮೂರು ಮಂದಿ ಒಂದು ಬೈಕಿನಲ್ಲಿ ಕೂರುವ ಪ್ರಮೇಯವೇ ಬಾರದಂತೆ. ಗಣಪತಿಗೆ ಮಾಡುವ ಶಾಂತಿ ಸಭೆಯನ್ನು ಐಪಿಎಲ್ ಪ್ಲೇಆಫ್‌ಗೂ ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ.

ಆ ಸಭೆಯಲ್ಲಿ ಹಗ್ಗ ಹಿಡಿದು ನಿಲ್ಲುವವರ ಪಟ್ಟಿ ಬರೆಯುವಾಗ ನನ್ನ ಹೆಸರನ್ನೂ ಸೇರಿಸಲಿ. ನನ್ನ ಕೆಳಗೆ ಆ ಖಾನಾಪುರದ ಹುಡುಗನ ಹೆಸರನ್ನು ನಾನೇ ಬರೆಸುತ್ತೇನೆ. ಅಂಗನವಾಡಿಯಿಂದ ಕಾದವನಿಗೆ ಒಂದು ತಾಸು ಹಗ್ಗ ಕಾಯುವುದು ದೊಡ್ಡದಲ್ಲ.